ಯಜಮಾನರ ಹೆಸರು ಹಿಡಿದೆ

ಗೆಳತಿಯರೆ, ಇವತ್ತು ಭಾಲ್ಕಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ. ಬಾವಿಯಿಂದ ನೀರು ತಂದ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆದು, "ಗಂಡನ ಹೆಸರು ಒಡಪಿನ್ಯಾಗ ಹೇಳು, ಆಮ್ಯಾಲ ಒಳಗ ಬಾ" ಎಂದೆ. ಪ್ರಾಸ ಕಟ್ಟಿ, ಕೊನೆಗೆ ನಾಚುತ್ತ ಹೆಸರು ಸೇರಿಸುವುದು ನಮ್ಮ ಪದ್ಧತಿ. ಔರಾದಿನ ಈ ಹುಡುಗಿ ಕತ್ತೆತ್ತಿ ಕೂಗಿದಳು: "ಶರಣಪ್ಪಾ, ಲಗೂನ ಬರ್ರಿ, ಕೊಡ ಜಡ ಆಗ್ಯಾದ!"

ನನ್ನ ಮಗ ಓಡಿ ಬಂದ!

"ಒಡಪ ಇಲ್ಲದಂಗ ಗಂಡನ ಹೆಸರ ಹಿಡದ್ರ ಅವನ ಆಯುಷ್ಯ ಕಮ್ಮಿ ಆಗ್ತದ" ಎಂದು ಗದರಿದೆ.

"ಮತ್ತ ಹೆಸರ ಯಾಕ ಇಟ್ರಿ ಅತ್ತಿ? ಕರೀಲಿಕ್ಕೇ ಅಲ್ಲೇನ್ರಿ?"

ಆ ಹೆಸರು ಇಟ್ಟವಳು ನಾನೇ.

ಒಡಪಿನಲ್ಲಿ ಬಿಟ್ಟರೆ ನಲವತ್ತು ವರ್ಷದಲ್ಲಿ ನಾನು ಯಜಮಾನರ ಹೆಸರು ಹಿಡಿದವಳಲ್ಲ. ನಿಜಾಮ ಸರ್ಕಾರದ ಖಾನೇಸುಮಾರಿಯವರು ಮನೆಮಂದಿಯ ಹೆಸರು ಬರೆಯಲು ಬಂದಾಗಲೂ ಪಕ್ಕದ ಮನೆಯವಳಿಂದ ಹೇಳಿಸಿದ್ದೆ. ಮಧ್ಯಾಹ್ನ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ನಾಲಿಗೆ ತುರಿಸಿತು. "ಗುರುಬಸಪ್ಪಾ" ಎಂದೆ. ದನಿ ಸ್ವಲ್ಪ ದೊಡ್ಡದೇ ಆಯಿತು.

"ಬಂದೆ ಎವ್ವಾ!" ಎನ್ನುತ್ತ ಯಜಮಾನರು ಕಟ್ಟೆಯಿಂದ ಎದ್ದು ಬಂದರು. ಹಾಗೆ ಕರೆಯುತ್ತಿದ್ದ ನಮ್ಮ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನೊಬ್ಬಳನ್ನೇ ಕಂಡು ಮುಖ ಕೆಂಪಗಾಯಿತು. "ಇನ್ನೊಮ್ಮಿ ಕರಿ" ಎಂದರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಮೊದಲ ನನ್ನ ಹೆಸರ ಹೇಳ್ರಿ. ಒಡಪಿನ್ಯಾಗ!"

ಇದನ್ನು ಬರೆಯುವಾಗಲೂ ಅವರು ಹೊರಗೇ ನಿಂತು ಪ್ರಾಸ ಹುಡುಕುತ್ತಿದ್ದಾರೆ. ಬೆಳಿಗ್ಗೆ ಒಡಪು ಹೇಳದ ಸೊಸೆಯೇ ಕಿಟಕಿಯಿಂದ ಹೇಳಿಕೊಡುತ್ತಿದ್ದಾಳೆ.