ಕೊನೆಯ ಅರ್ಧ ಗಂಟೆ

ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರಣ್ಣನಿಗೆ, ಕಿಡ್ನಿ ಕೈಕೊಟ್ಟ ಮೇಲೆ, ವಾರಕ್ಕೆ ಮೂರು ಸಲ ಆಸ್ಪತ್ರೆಯ ಮಂಚದಲ್ಲಿ ನಾಲ್ಕು ಗಂಟೆ ಅಲುಗಾಡದೆ ಮಲಗುವ ಶಿಕ್ಷೆ. ರಕ್ತ ತೊಳೆಯುವ ಯಂತ್ರವನ್ನು ಹೇಗೋ ಸಹಿಸಿಕೊಂಡ. ಸಹಿಸಲಾಗದ್ದು ತನ್ನದೇ ಕಾಲುಗಳನ್ನು. ಮೂರನೇ ಗಂಟೆ ದಾಟುತ್ತಲೇ ಮೂಳೆಯೊಳಗೆ ಇರುವೆ ಹರಿದಂತಾಗಿ, ಕಾಲು ಝಾಡಿಸದೆ ಇರಲಾಗುತ್ತಿರಲಿಲ್ಲ.

ಡಾಕ್ಟರ ಮಾತ್ರೆಗೆ ತಲೆ ಗಿರಗಿರ ತಿರುಗಿತು. ಆಮೇಲೆ ಕಂಡಕಂಡವರೆಲ್ಲ ವೈದ್ಯರಾದರು. ಅಕ್ಕ ಎಣ್ಣೆ ತಿಕ್ಕಿದಳು. ಭಾವ ಸೂಜಿ ಚುಚ್ಚುವವನ ಹತ್ತಿರ ಎಳೆದೊಯ್ದ. ಪಕ್ಕದ ಮಂಚದ ಮೇಷ್ಟ್ರದೂ ಇದೇ ಗೋಳು. "ಹಾಸಿಗೆ ಕೆಳಗೆ ಸೋಪು ಇಟ್ಕೊಳ್ಳಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ನನ್ ಥರ ಅರ್ಧ ಗಂಟೆ ಮುಂಚೆ ಎದ್ಬಿಡಿ" ಎಂದರು.

ಅಳೆದು ಸುರಿದು ಅವನು ಆರಿಸಿಕೊಂಡದ್ದು ಎದ್ದುಬಿಡುವ ಮದ್ದನ್ನೇ. "ಆ ಅರ್ಧ ಗಂಟೆಯ ವಿಷ, ನೀರು ಎಲ್ಲಾ ನಿಮ್ ಮೈಯಲ್ಲೇ ಉಳಿಯುತ್ತೆ" ಎಂದು ನರ್ಸಮ್ಮ ಬೈದದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸೋಮವಾರ ಮೇಷ್ಟ್ರ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. "ನಿನ್ನೆ ಹೋಗ್ಬಿಟ್ರು. ಶ್ವಾಸಕೋಶದ ತುಂಬ ನೀರು" ಎಂದಳು ನರ್ಸಮ್ಮ, ಟ್ಯೂಬು ಸರಿಮಾಡುತ್ತ. ಈ ಸಲ ಬೈಯಲಿಲ್ಲ.

ಮೂರನೇ ಗಂಟೆ ದಾಟಿತು, ಕಾಲು ಶುರುಮಾಡಿತು. ಅವನು ಏಳಲಿಲ್ಲ. ಹೆಂಡತಿ ಮಂಚದ ತುದಿಯಲ್ಲಿ ನಿಂತು ಎರಡೂ ಅಂಗೈ ಒಡ್ಡಿದಳು. ಅವನು ಅಂಗಾಲು ಊರಿ ಒತ್ತಿದ, ಒಂದರ ಮೇಲೆ ಕ್ಲಚ್ಚು, ಇನ್ನೊಂದರ ಮೇಲೆ ಬ್ರೇಕು.

"ಇನ್ನೆಷ್ಟು ದೂರ ಇದೆ ರೀ?" ಎಂದಳು.

ಅವನು ಗಡಿಯಾರ ನೋಡಲಿಲ್ಲ, ಪಕ್ಕದ ಮಂಚ ನೋಡಿದ.

"ಗೊತ್ತಿಲ್ಲ ಕಣೇ. ನೀನು ಕೈ ಮಾತ್ರ ತೆಗೀಬೇಡ."