ಮೂಲ ಹಿಡಿಯುವ ಮೇಷ್ಟ್ರು

ಡ್ರಾಯಿಂಗ್ ಮೇಷ್ಟ್ರು ಹೌಹಾರದ ದಿನವೇ ಇಲ್ಲ. ಮಕ್ಕಳ ಯಾವ ಚಿತ್ರ ಸಿಕ್ಕರೂ ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಳ್ಳಮಾಲು ಪತ್ತೆ ಹಚ್ಚಿದ ಪೊಲೀಸಿನವರಂತೆ ಅದರ ಮೂಲ ಹೇಳಿಬಿಡುತ್ತಾರೆ. "ಈ ಸೂರ್ಯ ಬಿಸ್ಕತ್ ಪೊಟ್ಟಣದ್ದು. ಈ ಕುದುರೆ ಕ್ಯಾಲೆಂಡರಿನದು. ಈ ಮೂಗು ನಿಮ್ಮಕ್ಕನ ಚಿತ್ರದಲ್ಲೂ ಇತ್ತು, ಮನೆತನದ ಮೂಗು." ಆಮೇಲೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿಯುತ್ತಾರೆ. "ಸ್ವಂತದ್ದು ಅಂತ ಒಂದು ಗೆರೆನಾದ್ರೂ ಎಳೀರಪ್ಪ." ಇಂಥವರು ಈ ಸಲ ಶಾಲೆಯ ಪ್ರದರ್ಶನಕ್ಕೆಂದು ಚಿತ್ರಗಳನ್ನೆಲ್ಲ ಗೋಡೆಗೆ ಅಂಟಿಸಿ, ಹಿಂದೆ ಸರಿದು ನೋಡಿದವರು ನಿಂತಲ್ಲೇ ಕಲ್ಲಾದರು. ಗೋಡೆ ತುಂಬ ಮನುಷ್ಯರು. ಒಬ್ಬರ ಕೈಯೂ ಕಾಣದು. ಅಜ್ಜನ ಕೈ ಕಂಬಳಿಯೊಳಗೆ, ಡಾಕ್ಟರ ಕೈ ಜೇಬಿನಲ್ಲಿ, ಪಾತ್ರೆ ತೊಳೆಯುತ್ತಿರುವ ತಾಯಿಯ ಕೈಗಳೂ ಬೆನ್ನ ಹಿಂದೆ. "ಇದ್ಯಾಕಮ್ಮ ಹೀಗೆ?" ಎಂದು ಆ ತಾಯಿಯನ್ನು ಬರೆದ ಹುಡುಗಿಯನ್ನು ಕೇಳಿದರು. "ಬೋರ್ಡ್ ಮೇಲೆ ನೀವು ಯಾವಾಗ್ಲೂ ಹೀಗೇ ಬರೀತೀರಲ್ಲ ಸರ್," ಎಂದಳು ಅವಳು. ಬೆರಳು ಬರೆಯಲು ಈವರೆಗೂ ಬಾರದ ಮೇಷ್ಟ್ರು, ಅಂಟು ಮೆತ್ತಿದ ತಮ್ಮೆರಡು ಕೈಗಳನ್ನೂ ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡರು.