ಮಗ್ಗದ ಕುಣಿಯಲ್ಲಿ ಬಿಟ್‌ಕಾಯಿನ್

ಗೆಳೆಯರೇ, ಮಗ್ಗದ ಕುಣಿ ಇರುವುದು ನಾವು ನೇಕಾರರು ಕಾಲು ಇಳಿಬಿಟ್ಟು ಕೂತು ನೇಯಲಿಕ್ಕೆ. ಅದರಲ್ಲಿ ಬಿಟ್‌ಕಾಯಿನ್ ತೆಗೆಯುವ ಯಂತ್ರ ಇಡಬಹುದೆಂದು ಇಳಕಲ್ಲಿನಲ್ಲಿ ಇವತ್ತಿನವರೆಗೆ ಯಾರಿಗೂ ಹೊಳೆದಿರಲಿಲ್ಲ. ನನ್ನ ಮೈದುನ ಬಸವರಾಜನಿಗೆ ಹೊಳೆದಿದೆ.

ಆ ಯಂತ್ರವನ್ನು ತಾನೇ ಬಿಚ್ಚಿ, ಆನ್‌ಲೈನಿನಲ್ಲಿ ತರಿಸಿದ ವೇಗ ಹೆಚ್ಚಿಸುವ ಕಿಟ್ಟು ಜೋಡಿಸಿ, ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸುತ್ತಾನೆ. ಜೋರಾಗಿ ಓಡಿದಷ್ಟೂ ಅದು ಕಾದು ಕೆಂಡವಾಗುತ್ತದೆ.

ಇಂದು ಅಮಾವಾಸ್ಯೆ, ಮಗ್ಗಕ್ಕೆ ರಜೆ. ಅಮೀನಗಡದ ತಂಗಿಯ ಮನೆಗೆ ಹೋಗಿ ಸಂಜೆ ಬಂದು ನೋಡಿದರೆ, ಕುಣಿಯೊಳಗಿಂದ ಬಿಸಿಗಾಳಿ ಬುಸುಗುಡುತ್ತಿದೆ. ಮೇಲೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ರೇಷ್ಮೆ ಎಳೆಗಳು ಒಣಗಿ ಹರಿದು ಜೋತುಬಿದ್ದಿವೆ. ಅರ್ಧ ನೇಯ್ದ ಮದುವೆ ಸೀರೆ ಅದು!

"ಇದನ್ನ ಇಲ್ಲ್ಯಾಕ ಇಟ್ಟಿಯೋ?" ಅಂದೆ.

"ಮನ್ಯಾಗ ಇದೊಂದ ತಂಪ ಜಾಗಾ ಐತ್ರಿ ವೈನಿ. ಹೆಂಗೂ ಇವತ್ತ ಕುಣಿ ಖಾಲಿ ಇತ್ತಲ್ರಿ."

"ಎಳಿ ಎಲ್ಲಾ ಹರದಾವಲ್ಲೋ ಮಂಗ್ಯಾ!"

ಅವನು ಬಗ್ಗಿ ಯಂತ್ರವನ್ನು ಮುಟ್ಟಿ ನೋಡಿದ. ಆಮೇಲೆ ನನಗೇ ಸಮಾಧಾನ ಹೇಳಿದ: "ಗಾಬರಿ ಆಗಬ್ಯಾಡ್ರಿ ವೈನಿ, ಮಷಿನಿಗೆ ಏನೂ ಆಗಿಲ್ಲ."

ವೈರು ಕಿತ್ತು ಅದನ್ನು ಅಂಗಳಕ್ಕೆ ಎಸೆದೆ. ಈಗ ಅವನನ್ನೇ ಕುಣಿಯಲ್ಲಿ ಕೂರಿಸಿದ್ದೇನೆ. ಕೂದಲಿನಂಥ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕುತ್ತ ಬೆವರುತ್ತಿದ್ದಾನೆ. ಈ ಕೆಲಸದ ವೇಗ ಹೆಚ್ಚಿಸುವ ಕಿಟ್ಟು ನಿಮಗೆ ಎಲ್ಲಾದರೂ ಕಂಡರೆ, ದಯವಿಟ್ಟು ಅವನಿಗೆ ಹೇಳಬೇಡಿ.